ಒಣ ಅಚ್ಚು, ಒದ್ದೆ ಅಚ್ಚು

ದೇವನಹಳ್ಳಿಯ ಈಗಿನ ಹುಟ್ಟುಹಬ್ಬಗಳಲ್ಲಿ ಕೇಕಿನಷ್ಟೇ ಮಹತ್ವ ರಿಟರ್ನ್ ಗಿಫ್ಟಿಗೂ ಇದೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಊರಿನ ಸುತ್ತ ಎದ್ದ ಅಪಾರ್ಟ್‌ಮೆಂಟುಗಳಲ್ಲಿ ಮಾತ್ರವಲ್ಲ, ಕೋಟೆಯೊಳಗಿನ ಹಳೇ ಬೀದಿಗಳಲ್ಲೂ ಬಂದ ಮಕ್ಕಳನ್ನು ಬರಿಗೈಲಿ ಕಳಿಸುವುದು ನಿಂತುಹೋಗಿದೆ. ಎರಡು ದಿನಕ್ಕೆ ಮುರಿಯುವ ಆಟಿಕೆ ಕೊಡಲು ನನಗೆ ಮನಸ್ಸಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಚಾಕೊಲೇಟನ್ನು ಅಚ್ಚಿಗೆ ಎರೆದು, ಕಡ್ಡಿ ಕೂರಿಸಿ ಲಾಲಿಪಾಪ್ ಮಾಡುತ್ತೇವೆ. ನನ್ನ ನಾದಿನಿಯ ಮಗಳು ಕಡ್ಡಿ ಇಡುತ್ತಾಳೆ, ನಾನು ಎರೆಯುತ್ತೇನೆ, ನಮ್ಮ ಅತ್ತೆ ಪಕ್ಕದಲ್ಲಿ ಕೂತು ಎಲ್ಲವನ್ನೂ ನೋಡುತ್ತಾರೆ. ಅವರು ನೋಡುತ್ತಾ ಆಡಿದ ಒಂದು ಮಾತಿನಿಂದಲೇ ಈ ಕೆಲಸ ನನಗೆ ಸರಿಯಾಗಿ ಅರ್ಥವಾದದ್ದು. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಅಂಗಡಿಯ ವಿಷಯ. ಬೇಕರಿ ಸಾಮಾನು ಮಾರುವವರ ಬಳಿ ಹೋಗಿ ಚಾಕೊಲೇಟ್ ಪಟ್ಟಿ ಕೊಡಿ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಕಾಂಪೌಂಡ್. ಅದರಲ್ಲಿ ಕೋಕೋ ಪುಡಿ, ಸಕ್ಕರೆ, ಹಾಲಿನ ಪುಡಿ ಇರುತ್ತವೆ. ಆದರೆ ಕೋಕೋ ಬೆಣ್ಣೆಯ ಜಾಗದಲ್ಲಿ ತಾಳೆಬೀಜದ ಎಣ್ಣೆಯಂಥ ಸಸ್ಯಜನ್ಯ ಕೊಬ್ಬು ಇರುತ್ತದೆ. ಇನ್ನೊಂದು ಜಾತಿ ಕೂವರ್ಚರ್. ಅದರಲ್ಲಿ ಇರುವುದು ಕೋಕೋ ಬೀಜದ್ದೇ ಬೆಣ್ಣೆ, ಬೆಲೆಯೂ ಬಹಳ ಹೆಚ್ಚು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ, ಚಾಕೊಲೇಟ್ ಎಂಬ ಹೆಸರಿಟ್ಟು ಮಾರುವ ಪದಾರ್ಥದಲ್ಲಿ ಕೋಕೋ ಬೆಣ್ಣೆಯಲ್ಲದ ಬೇರೆ ಸಸ್ಯಜನ್ಯ ಕೊಬ್ಬು ನೂರಕ್ಕೆ 5 ಭಾಗ ದಾಟುವಂತಿಲ್ಲ. ಹಾಗಾಗಿ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ ಓದುವುದೇ ಈ ಕೆಲಸದ ಮೊದಲ ಹೆಜ್ಜೆ. ಪದಾರ್ಥಗಳ ಪಟ್ಟಿಯಲ್ಲಿ ಕೋಕೋ ಬೆಣ್ಣೆ ಇದೆಯೋ, ವನಸ್ಪತಿ ಕೊಬ್ಬು ಇದೆಯೋ ಅಲ್ಲೇ ಗೊತ್ತಾಗುತ್ತದೆ.

ಕಾಂಪೌಂಡನ್ನು ನಾನು ಹೀಗಳೆಯುವುದಿಲ್ಲ. ಮಡಿಕೇರಿಯಲ್ಲಿ, ಊಟಿಯಲ್ಲಿ ತೂಗಿ ಕೊಡುವ ಹೋಮ್‌ಮೇಡ್ ಚಾಕೊಲೇಟಿನ ರುಚಿಯನ್ನು ಪ್ರವಾಸದಿಂದ ಹೊತ್ತು ತಂದವರು ನಾವೆಲ್ಲ, ಅವುಗಳಲ್ಲಿ ಬಹಳಷ್ಟು ಕಾಂಪೌಂಡೇ. ಅದನ್ನು ಕರಗಿಸಿ ಎರೆದರೆ ಸಾಕು, ತಾನಾಗಿ ಗಟ್ಟಿಯಾಗುತ್ತದೆ, ಬಿಸಿಲಿಗೂ ಸ್ವಲ್ಪ ತಡೆಯುತ್ತದೆ. ಮಕ್ಕಳ ಜೊತೆ ಮೊದಲ ಸಲ ಕೂರುವವರು ಅದರಿಂದಲೇ ಶುರು ಮಾಡುವುದು ಒಳ್ಳೆಯದು. ಆದರೆ ಎರಡನ್ನೂ ಸೇರಿಸಿ ಕರಗಿಸಬೇಡಿ. ತಾಳೆಬೀಜದ ಕೊಬ್ಬಿಗೂ ಕೋಕೋ ಬೆಣ್ಣೆಗೂ ಹೊಂದಿಕೆಯಿಲ್ಲ. ಬೆರೆಸಿದ್ದು ಮೆತ್ತಗೆ ಉಳಿದು ಕೆಲವೇ ದಿನದಲ್ಲಿ ಮೇಲೆ ಬೂದು ಕಟ್ಟುತ್ತದೆ. ಖರ್ಚು ಉಳಿಸಲೆಂದು ಅರ್ಧ ಅದು ಅರ್ಧ ಇದು ಹಾಕುವವರು ಎರಡನ್ನೂ ಕಳೆದುಕೊಳ್ಳುತ್ತಾರೆ.

ನಿಜವಾದ ಚಾಕೊಲೇಟಿಗೆ ಯಾಕಿಷ್ಟು ಬೆಲೆ ಎಂದು ಕೇಳುವವರಿಗೆ ನಮ್ಮ ರಾಜ್ಯದಲ್ಲೇ ಉತ್ತರ ಇದೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಕೋಕೋ ಗಿಡ ಬೆಳೆಯುತ್ತದೆ. ಕಾಯಿ ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ, ಹಲಸಿನ ಹಾಗೆ ಕಾಂಡಕ್ಕೇ ಅಂಟಿಕೊಂಡಿರುತ್ತದೆ. ಒಡೆದರೆ ಒಳಗೆ ಬಿಳಿ ಲೋಳೆಯಲ್ಲಿ ಹುದುಗಿದ ಬೀಜ. ಆ ಬೀಜವನ್ನು ರಾಶಿ ಹಾಕಿ, ಮುಚ್ಚಿ, ಐದಾರು ದಿನ ಹುಳಿಯಲು ಬಿಡಬೇಕು. ಆಮೇಲೆ ಒಣಗಿಸಬೇಕು, ಹುರಿಯಬೇಕು, ಸಿಪ್ಪೆ ಹಾರಿಸಬೇಕು, ಅರೆಯಬೇಕು. ಹುಳಿಯದ ಬೀಜಕ್ಕೆ ಚಾಕೊಲೇಟಿನ ವಾಸನೆ ಬರುವುದೇ ಇಲ್ಲ. 1970ರ ದಶಕದಲ್ಲಿ ಉತ್ಸಾಹದಿಂದ ಕೋಕೋ ಹಾಕಿದ ರೈತರು, ಮುಂದೆ ಅಂತರರಾಷ್ಟ್ರೀಯ ಬೆಲೆ ಕುಸಿದು ಕೊಳ್ಳುವವರಿಲ್ಲದಾದಾಗ ಕಂಗಾಲಾದರು. ಆಗ ಖರೀದಿಗೆ ಇಳಿದದ್ದು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ, ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ. ಬರೀ ಬೀಜ ಕೊಂಡರೆ ಸಾಲದೆಂದು ಅವರು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆದರು. ರೈತರು ತಮ್ಮದೇ ಬೆಳೆಗಾಗಿ ಕಟ್ಟಿಕೊಂಡ ಕಾರ್ಖಾನೆ ಅದು. ನನ್ನ ಅಡುಗೆಮನೆಯಲ್ಲಿ ಚಾಕೊಲೇಟು ಕರಗುವಾಗಲೆಲ್ಲ ನಾನು ಅದನ್ನು ಹೆಮ್ಮೆಯಿಂದ ನೆನೆಯುತ್ತೇನೆ. ಇತ್ತೀಚೆಗೆ, 2024ರಲ್ಲಿ, ಪಶ್ಚಿಮ ಆಫ್ರಿಕದ ಘಾನಾ ಮತ್ತು ಐವರಿ ಕೋಸ್ಟ್‌ನಲ್ಲಿ ಬೆಳೆ ಕೈಕೊಟ್ಟು, ಪ್ರಪಂಚದ ಮಾರುಕಟ್ಟೆಯಲ್ಲಿ ಕೋಕೋ ಟನ್ನಿಗೆ 10,000 ಡಾಲರ್ ದಾಟಿತು. ಆ ವರ್ಷ ಕೂವರ್ಚರ್ ಬಿಟ್ಟು ಕಾಂಪೌಂಡಿಗೆ ಮರಳಿದ ಮನೆಗಳು ಎಷ್ಟೋ.

ಇನ್ನು ಒಲೆಯ ಹತ್ತಿರ ಬರೋಣ. ಚಾಕೊಲೇಟನ್ನು ನೇರ ಉರಿಗೆ ಇಡಬಾರದು, ತಳ ಸೀದುಹೋಗುತ್ತದೆ. ಒಂದು ಪಾತ್ರೆಯಲ್ಲಿ ಎರಡು ಬೆರಳು ನೀರು ಬಿಸಿ ಮಾಡಿ, ಅದರ ಬಾಯಿಗೆ ಸರಿಯಾಗಿ ಕೂರುವ ಬಟ್ಟಲಿನಲ್ಲಿ ಸಣ್ಣಗೆ ಹೆಚ್ಚಿದ ಚಾಕೊಲೇಟು ಹಾಕಬೇಕು. ಬಟ್ಟಲಿನ ತಳಕ್ಕೆ ನೀರು ತಾಕಬಾರದು, ನೀರು ಕುದಿಯಲೂಬಾರದು. ಬಿಸಿಯಾದ ಕೂಡಲೇ ಒಲೆ ಆರಿಸಿದರೂ ಆ ಶಾಖವೇ ಸಾಕು. ಕಾಂಪೌಂಡಾದರೆ ನಯವಾಗಿ ಕರಗಿದ ಮೇಲೆ 40 ಡಿಗ್ರಿಯ ಆಸುಪಾಸಿಗೆ ಇಳಿಸಿ ಎರೆದುಬಿಡಬಹುದು.

ಇಲ್ಲಿ ಒಂದು ಕಟ್ಟುನಿಟ್ಟು ಇದೆ. ಬಟ್ಟಲಿನೊಳಗೆ ಒಂದು ಹನಿ ನೀರೂ ಬೀಳಬಾರದು. ಚಾಕೊಲೇಟಿನಲ್ಲಿ ನೀರು ಇಲ್ಲವೇ ಇಲ್ಲ ಎನ್ನಬಹುದು. ಅದು ಕೊಬ್ಬಿನಲ್ಲಿ ತೇಲುತ್ತಿರುವ ಸಕ್ಕರೆಯ ಮತ್ತು ಕೋಕೋವಿನ ಅತಿ ಸಣ್ಣ ಕಣಗಳ ರಾಶಿ. ಹನಿ ನೀರು ಬಿದ್ದರೆ ಸಕ್ಕರೆ ಕಣಗಳ ಮೈ ಕರಗಿ ಅಂಟಾಗಿ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ, ತೆಳ್ಳಗೆ ಹರಿಯುತ್ತಿದ್ದದ್ದು ಕ್ಷಣದಲ್ಲಿ ಗಟ್ಟಿ ಮುದ್ದೆಯಾಗುತ್ತದೆ. ತೊಳೆದ ಚಮಚ, ಒದ್ದೆ ಕೈ, ಕೆಳಗಿನ ಪಾತ್ರೆಯ ಹಬೆ ಇವಿಷ್ಟರ ಮೇಲೂ ಕಣ್ಣಿರಬೇಕು. ಮಕ್ಕಳಿಗೆ ಬೇಕಾದ ಬಣ್ಣವೂ ಎಣ್ಣೆಯಲ್ಲಿ ಕರಗುವ ಜಾತಿಯದೇ ಆಗಬೇಕು. ಕೇಸರಿಬಾತಿಗೆ ಹಾಕುವ ನೀರಿನ ಬಣ್ಣ ಇದಕ್ಕೆ ಆಗದು.

ಅಚ್ಚನ್ನು ಹತ್ತಿಯಿಂದ ತಿಕ್ಕಿ ತಿಕ್ಕಿ ಒಣಗಿಸುತ್ತಿದ್ದಾಗ ಅತ್ತೆ ಕೇಳಿದರು:

“ಅಷ್ಟು ಯಾಕೆ ಒರೆಸ್ತೀಯಮ್ಮ? ಅಚ್ಚು ಒದ್ದೆ ಇರ್ಬೇಕಲ್ವಾ?”

“ಇದಕ್ಕೆ ನೀರು ತಾಕಬಾರದು ಅತ್ತೆ.”

“ನಮ್ಮದಕ್ಕೆ ನೀರು ಕುಡಿಸ್ದೆ ಹೋದ್ರೆ ಸಕ್ಕರೆ ಕಚ್ಕೊಂಡು ಬಿಡೋದೇ ಇಲ್ಲ. ಮಿಕ್ಕಿದ್ದೆಲ್ಲ ಅದೇ ಕೆಲಸ ಕಣಮ್ಮ ಇದು.”

ನಮ್ಮದು ಎಂದು ಅವರು ಹೇಳಿದ್ದು ಸಂಕ್ರಾಂತಿಯ ಸಕ್ಕರೆ ಅಚ್ಚು. ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಎಳ್ಳು ಬೀರುವ ತಟ್ಟೆಯಲ್ಲಿ ಎಳ್ಳು-ಬೆಲ್ಲ, ಕಬ್ಬಿನ ತುಂಡು, ಬಾಳೆಹಣ್ಣಿನ ಜೊತೆಗೆ ಇರಲೇಬೇಕಾದ ಬಿಳಿ ಸಕ್ಕರೆಯ ಗಿಳಿ, ಮೀನು, ಆನೆ, ಕಮಲ, ತುಳಸಿ ಬೃಂದಾವನ. ಈಗ ಹೆಚ್ಚಿನವರು ಅಂಗಡಿಯಿಂದ ತರುತ್ತಾರೆ. ಅತ್ತೆ ಈಗಲೂ ಮನೆಯಲ್ಲೇ ಮಾಡುತ್ತಾರೆ. ಮರದಲ್ಲಿ ಕೆತ್ತಿದ ಆ ಅಚ್ಚು ಎರಡು ಹೋಳು, ಕೆಲವು ಮೂರು ಹೋಳು. ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹೋಳು ಜೋಡಿಸಿ ದಾರದಿಂದ ಬಿಗಿಯುತ್ತಾರೆ. ಸಕ್ಕರೆ ಪಾಕ ಕುದಿಯುವಾಗ ಸ್ವಲ್ಪ ಹಾಲು ಹಾಕಿದರೆ ಕೊಳೆ ಮೇಲಕ್ಕೆ ಬರುತ್ತದೆ. ಅದನ್ನು ತೆಗೆದು, ಬಟ್ಟೆಯಲ್ಲಿ ಸೋಸಿ, ಒಂದೊಂದು ಸೌಟಿನಷ್ಟು ಮಾತ್ರ ಬೇರೆ ಪಾತ್ರೆಯಲ್ಲಿ ಮತ್ತೆ ಕಾಯಿಸಿ, ಹದ ಬಂದ ಮೇಲೆ ಬಿಡದೆ ತಿರುವುತ್ತಾರೆ. ನೀರಿನಂತೆ ಸ್ವಚ್ಛವಾಗಿದ್ದ ಪಾಕ ನೋಡನೋಡುತ್ತಾ ಹಾಲುಬಣ್ಣಕ್ಕೆ ತಿರುಗುತ್ತದೆ. ಆ ಕ್ಷಣಕ್ಕೇ ಎರೆಯಬೇಕು. ಬೇಗ ಎರೆದರೆ ಗಟ್ಟಿಯಾಗುವುದಿಲ್ಲ, ತಡವಾದರೆ ಪಾತ್ರೆಯಲ್ಲೇ ಹೆಪ್ಪುಗಟ್ಟುತ್ತದೆ.

ಹಾಲುಬಣ್ಣ ಬಂತೆಂದರೆ ಪಾಕದಲ್ಲಿ ಸಕ್ಕರೆಯ ಸಣ್ಣ ಹರಳುಗಳು ಹುಟ್ಟಿದವು ಎಂದರ್ಥ. ತಿರುವುವ ಕೈ ಆ ಹರಳುಗಳನ್ನು ಎಬ್ಬಿಸುತ್ತದೆ; ಅವುಗಳ ಸುತ್ತ ಉಳಿದ ಸಕ್ಕರೆ ಕೂಡಿಕೊಂಡು ಇಡೀ ಗಿಳಿ ಗಟ್ಟಿಯಾಗುತ್ತದೆ. ಕೂವರ್ಚರ್ ಚಾಕೊಲೇಟಿನಲ್ಲಿ ನಡೆಯುವುದೂ ಇದೇ, ಸಕ್ಕರೆಯ ಜಾಗದಲ್ಲಿ ಕೋಕೋ ಬೆಣ್ಣೆ ಅಷ್ಟೆ. ಟೆಂಪರಿಂಗ್ ಎಂದು ಅಡುಗೆ ವಿಡಿಯೋಗಳಲ್ಲಿ ಹೆದರಿಸುವ ಆ ಕೆಲಸ ನಮ್ಮ ಸೀಮೆಯ ಹೆಂಗಸರಿಗೆ ಹೊಸದಲ್ಲ ಎಂಬುದು ನನಗೆ ಆವತ್ತು ಖಚಿತವಾಯಿತು.

ಕೋಕೋ ಬೆಣ್ಣೆ ಆರು ಬಗೆಯ ಹರಳಾಗಿ ಹೆಪ್ಪುಗಟ್ಟಬಲ್ಲದು. ಅವುಗಳಲ್ಲಿ ನಮಗೆ ಬೇಕಾದ್ದು ಐದನೆಯ ಬಗೆ. ಅದು ಕರಗುವುದು ಸುಮಾರು 34 ಡಿಗ್ರಿಗೆ, ಅಂದರೆ ಕೈಯಲ್ಲಿ ಹಿಡಿದಾಗ ಗಟ್ಟಿಯಿದ್ದು ಬಾಯಿಗೆ ಹಾಕಿದಾಗ ಕರಗುವಷ್ಟಕ್ಕೆ. ಹೊಳಪು, ಮುರಿದಾಗಿನ ಟಕ್ ಎಂಬ ಸದ್ದು, ಅಚ್ಚಿನಿಂದ ತಾನಾಗಿ ಬಿಡಿಸಿಕೊಳ್ಳುವ ಗುಣ, ಎಲ್ಲವೂ ಆ ಐದನೆಯ ಹರಳಿನದು. ಸುಮ್ಮನೆ ಕರಗಿಸಿ ತಣ್ಣಗಾಗಲು ಬಿಟ್ಟರೆ ಕೆಳಗಿನ ಬಗೆಗಳೂ ಸೇರಿಕೊಂಡು ಚಾಕೊಲೇಟು ಮಂಕಾಗುತ್ತದೆ, ಬೆರಳಿಗೆ ಅಂಟುತ್ತದೆ, ಮೇಲೆ ಬಿಳಿ ಗೆರೆ ಮೂಡುತ್ತದೆ.

ಮನೆಗೆ ಸುಲಭವಾದ ದಾರಿ ಬೀಜ ಹಾಕುವುದು. 300 ಗ್ರಾಂ ಡಾರ್ಕ್ ಕೂವರ್ಚರ್ ಇದ್ದರೆ 200 ಗ್ರಾಂ ಅನ್ನು 45 ಡಿಗ್ರಿ ಮುಟ್ಟುವವರೆಗೆ ಕರಗಿಸಿ ಕೆಳಗಿಳಿಸಿ. ಉಳಿದ 100 ಗ್ರಾಂ ಅನ್ನು ತೀರಾ ಸಣ್ಣಗೆ ಹೆಚ್ಚಿಟ್ಟುಕೊಂಡು, ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ತಿರುವಿ. ಅಂಗಡಿಯಿಂದ ಬಂದ ಗಟ್ಟಿ ಪಟ್ಟಿಯಲ್ಲಿ ಸರಿಯಾದ ಹರಳು ಆಗಲೇ ಇರುತ್ತದೆ. ಅದು ಕರಗಿದ್ದಕ್ಕೆಲ್ಲ ತನ್ನ ಹದವನ್ನು ಕಲಿಸುತ್ತದೆ. 28 ಡಿಗ್ರಿಯ ಹತ್ತಿರಕ್ಕೆ ಇಳಿದ ಮೇಲೆ ಬಟ್ಟಲನ್ನು ಬಿಸಿನೀರಿನ ಮೇಲೆ ಕೆಲವೇ ಕ್ಷಣ ಹಿಡಿದು 31ಕ್ಕೋ 32ಕ್ಕೋ ಏರಿಸಿ ಎರೆಯಬೇಕು. ಹಾಲಿನ ಚಾಕೊಲೇಟಿಗೆ ಎರೆಯುವ ಹದ ಎರಡು ಡಿಗ್ರಿ ಕಡಿಮೆ. ಅಡುಗೆಮನೆಯ ಥರ್ಮಾಮೀಟರ್ ಈಗ ದುಬಾರಿಯಲ್ಲ, ಇದೊಂದನ್ನು ಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತೇನೆ. ಅದರ ಜೊತೆಗೆ ಒಂದು ಕೈಪರೀಕ್ಷೆಯೂ ಇದೆ: ಚಾಕುವಿನ ತುದಿಯನ್ನು ಅದ್ದಿ ಪಕ್ಕಕ್ಕಿಡಿ, ಐದಾರು ನಿಮಿಷದೊಳಗೆ ಹೊಳಪಿನಿಂದ ಗಟ್ಟಿಯಾದರೆ ಹದ ಬಂದಿದೆ. ಅತ್ತೆ ಪಾಕವನ್ನು ಎರಡು ಬೆರಳಿನ ನಡುವೆ ಎಳೆದು ನೋಡುತ್ತಾರಲ್ಲ, ಅದೇ ಭರವಸೆ ಇದರಲ್ಲೂ ಸಿಗುತ್ತದೆ.

ಲಾಲಿಪಾಪ್ ಅಚ್ಚು ಎಂದರೆ ಪ್ಲಾಸ್ಟಿಕ್ ಅಥವಾ ಸಿಲಿಕೋನಿನ ತಟ್ಟೆ, ಒಂದೊಂದು ಗುಳಿಯ ಪಕ್ಕ ಕಡ್ಡಿ ಮಲಗುವ ಸಣ್ಣ ಕಾಲುವೆ. ಗುಳಿಗೆ ಮುಕ್ಕಾಲು ಭಾಗ ಎರೆದು, ಕಡ್ಡಿಯನ್ನು ಕಾಲುವೆಯಲ್ಲಿ ಮಲಗಿಸಿ ಒಂದು ಸುತ್ತು ತಿರುಗಿಸಬೇಕು. ಕಡ್ಡಿಯ ಮೈಗೆ ಎಲ್ಲ ಕಡೆಯೂ ಚಾಕೊಲೇಟು ಹತ್ತದಿದ್ದರೆ ಮಗು ಚೀಪುವಾಗ ಕಡ್ಡಿ ಮಾತ್ರ ಕೈಗೆ ಬರುತ್ತದೆ. ಆಮೇಲೆ ಉಳಿದ ಭಾಗ ತುಂಬಿ ತಟ್ಟೆಯನ್ನು ಮೇಜಿಗೆ ಮೆಲ್ಲಗೆ ಕುಟ್ಟಬೇಕು. ಒಳಗೆ ಸಿಕ್ಕಿಕೊಂಡ ಗಾಳಿ ಗುಳ್ಳೆಯಾಗಿ ಮೇಲೆ ಬಂದು ಒಡೆಯುತ್ತದೆ. ಕುಟ್ಟದಿದ್ದರೆ ಆ ಗುಳ್ಳೆಗಳೇ ಗೊಂಬೆಯ ಮುಖದ ಮೇಲೆ ತೂತಾಗಿ ಕಾಣುತ್ತವೆ. ಒಂದೊಂದಕ್ಕೆ 15 ಗ್ರಾಂ ಹಿಡಿಯುವ ಅಚ್ಚಾದರೆ 300 ಗ್ರಾಮಿನಲ್ಲಿ 20 ಲಾಲಿಪಾಪ್.

ಕಡ್ಡಿ ಕಾಗದದ್ದೇ ಇರಲಿ. ಪ್ಲಾಸ್ಟಿಕ್ ಮಿಠಾಯಿ ಕಡ್ಡಿಯನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ, ಐಸ್‌ಕ್ರೀಮ್ ಕಡ್ಡಿ, ಬಲೂನಿನ ಕಡ್ಡಿಗಳ ಜೊತೆಗೆ. ಗಟ್ಟಿಯಾಗಿ ಸುತ್ತಿದ ಕಾಗದದ ಕಡ್ಡಿ ಧಾರಾಳವಾಗಿ ಸಿಗುತ್ತದೆ.

ತುಂಬಿದ ಅಚ್ಚು ಫ್ರಿಜ್ಜಿನಲ್ಲಿ ಕಾಲು ಗಂಟೆ ಇದ್ದರೆ ಸಾಕು. ಪಾರದರ್ಶಕ ಅಚ್ಚನ್ನು ತಿರುವಿ ತಳ ನೋಡಿದರೆ ಅಂಟಿದ್ದ ಕಡೆ ಕಪ್ಪಗೆ ಒದ್ದೆಯಂತೆ ಕಾಣುತ್ತದೆ, ಬಿಟ್ಟ ಕಡೆ ಮಬ್ಬಾಗಿರುತ್ತದೆ. ಪೂರ್ತಿ ಮಬ್ಬಾದ ಮೇಲೆ ಬೋರಲು ಹಾಕಿದರೆ ತಾನೇ ಉದುರುತ್ತದೆ, ಏಕೆಂದರೆ ಗಟ್ಟಿಯಾಗುವಾಗ ಚಾಕೊಲೇಟು ಸ್ವಲ್ಪ ಕುಗ್ಗುತ್ತದೆ. ಅಚ್ಚಿಗೆ ತುಪ್ಪವನ್ನೋ ಎಣ್ಣೆಯನ್ನೋ ಸವರುವ ಅಗತ್ಯವೇ ಇಲ್ಲ. ಸವರಿದರೆ ಹೊಳಪು ಹಾಳು. ತೊಳೆಯುವಾಗಲೂ ಒರಟು ನಾರಿನಿಂದ ಉಜ್ಜಬೇಡಿ, ಒಳಮೈಯ ಗೀರು ಪ್ರತಿ ಲಾಲಿಪಾಪಿನ ಮೇಲೂ ಅಚ್ಚಾಗುತ್ತದೆ.

ಹವೆಯ ಮಟ್ಟಿಗೆ ನಾವು ಪುಣ್ಯವಂತರು. ದೇವನಹಳ್ಳಿ ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸಿನಲ್ಲಿದೆ, ಪಕ್ಕದಲ್ಲೇ ನಂದಿಬೆಟ್ಟ. ಡಿಸೆಂಬರ್, ಜನವರಿಯಲ್ಲಿ ಒಳಮನೆಯ ತಂಪು 20–22 ಡಿಗ್ರಿಯಲ್ಲಿ ನಿಲ್ಲುತ್ತದೆ, ಚಾಕೊಲೇಟಿಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಸಂಕ್ರಾಂತಿ ಬರುವುದೂ ಆಗಲೇ. ಏಪ್ರಿಲ್ ಬಂದರೆ ಕಥೆ ಬೇರೆ, ಮಧ್ಯಾಹ್ನದ ಹೊತ್ತು ಕೋಕೋ ಬೆಣ್ಣೆ ಕರಗುವ ಗಡಿಯನ್ನೇ ಮುಟ್ಟುತ್ತದೆ. ಬೇಸಿಗೆಯ ಹುಟ್ಟುಹಬ್ಬಕ್ಕೆ ನಾನು ಸಂಕೋಚವಿಲ್ಲದೆ ಕಾಂಪೌಂಡ್ ಬಳಸುತ್ತೇನೆ. ಫ್ರಿಜ್ಜಿನಲ್ಲಿ ದಿನಗಟ್ಟಲೆ ಇಡಬೇಕಾಗಿ ಬಂದರೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಹೊರಗೆ ತೆಗೆದ ಮೇಲೆ ಡಬ್ಬಿ ಪೂರ್ತಿ ಬೆಚ್ಚಗಾಗುವವರೆಗೂ ಮುಚ್ಚಳ ತೆರೆಯಬಾರದು. ತೆರೆದರೆ ತಣ್ಣನೆಯ ಚಾಕೊಲೇಟಿನ ಮೇಲೆ ಗಾಳಿಯ ತೇವ ಕೂತು, ಸಕ್ಕರೆ ಕರಗಿ, ಒಣಗಿದ ಮೇಲೆ ಒರಟಾದ ಬಿಳಿ ಪುಡಿ ಉಳಿಯುತ್ತದೆ.

ಒಳಗೆ ಏನು ಸೇರಿಸಬಹುದು? ಹುರಿದ ಎಳ್ಳು, ಹುರಿಗಡಲೆ, ಕಡಲೆಕಾಯಿ ಬೀಜ, ಎಲ್ಲವೂ ಎಳ್ಳು-ಬೆಲ್ಲದ ಡಬ್ಬಿಯಲ್ಲೇ ಇವೆ. ಹುರಿದು ಪೂರ್ತಿ ಆರಿಸಿ ಹಾಕಬೇಕು. ತೀರಾ ಚಿಕ್ಕ ಮಕ್ಕಳಿಗೆ ಕೊಡುವುದಾದರೆ ಬೀಜಗಳನ್ನು ಬಿಟ್ಟುಬಿಡಿ, ಗಂಟಲಿಗೆ ಸಿಕ್ಕೀತು. ಕಡಲೆಕಾಯಿ ಆಗದ ಮಕ್ಕಳೂ ಇರುತ್ತಾರೆ, ತಾಯಂದಿರನ್ನು ಮೊದಲೇ ಕೇಳುವುದು ಕ್ಷೇಮ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಚಕ್ಕೋತದ ಸಿಪ್ಪೆ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮನ್ನಣೆ ಇದೆ, ಆದರೆ ತೋಟಗಳು ನಿವೇಶನಗಳಾಗುತ್ತಾ ಹೋಗಿ ಮರಗಳು ವಿರಳವಾಗಿವೆ. ಸಿಕ್ಕ ಹಣ್ಣಿನ ಏನೊಂದನ್ನೂ ಎಸೆಯಲು ನನಗೆ ಮನಸ್ಸು ಬಾರದು. ದಪ್ಪ ಸಿಪ್ಪೆಯನ್ನು ಸಣ್ಣ ಪಟ್ಟಿಯಾಗಿ ಕೊಯ್ದು, ಮೂರು ಸಲ ನೀರು ಬದಲಿಸಿ ಕುದಿಸಿ ಕಹಿ ತೆಗೆದು, ಸಕ್ಕರೆ ಪಾಕದಲ್ಲಿ ಬೇಯಿಸಿ, ಅಂಟು ಹೋಗುವವರೆಗೆ ಒಣಗಿಸಬೇಕು. ತೇವ ಉಳಿದ ಸಿಪ್ಪೆ ಚಾಕೊಲೇಟನ್ನು ಕೆಡಿಸುತ್ತದೆ. ಡಾರ್ಕ್ ಚಾಕೊಲೇಟಿನ ನಡುವೆ ಆ ನವಿರಾದ ಕಹಿ ಹಲ್ಲಿಗೆ ಸಿಕ್ಕರೆ ದೊಡ್ಡವರೂ ಇನ್ನೊಂದು ಕೇಳುತ್ತಾರೆ.

ಮಾರಲು ಹೊರಡುವವರಿಗೆ ಒಂದು ಮಾತು. ಮನೆಯಲ್ಲೇ ಮಾಡಿ ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಅರ್ಜಿ ಆನ್‌ಲೈನಿನಲ್ಲೇ ಹಾಕಬಹುದು. ಪೊಟ್ಟಣದ ಮೇಲೆ ಪದಾರ್ಥ, ತಯಾರಾದ ದಿನ ಬರೆಯುವುದು ಗಿರಾಕಿಗೆ ತೋರುವ ಗೌರವ. ಕಾಂಪೌಂಡಿನಲ್ಲಿ ಮಾಡಿದ್ದನ್ನು ಕಾಂಪೌಂಡ್ ಎಂದೇ ಹೇಳಿ ಮಾರಬೇಕು.

ಕೊನೆಗೆ, ಅಚ್ಚಿನ ಆಕಾರ. ಅಂಗಡಿಯ ಅಚ್ಚುಗಳಲ್ಲಿ ಸಿಗುವುದು ಹೃದಯ, ನಕ್ಷತ್ರ, ಕರಡಿ, ಕಾರ್ಟೂನಿನ ಮುಖ. ನಾದಿನಿಯ ಮಗಳೇ ಒಂದು ದಿನ ಕೇಳಿದಳು: “ಅತ್ತೆ, ಅಜ್ಜಿಯ ಗಿಳಿ ಚಾಕೊಲೇಟಲ್ಲಿ ಬರಲ್ವಾ?” ಮರದ ಅಚ್ಚಿಗೆ ಚಾಕೊಲೇಟನ್ನು ನೇರವಾಗಿ ಎರೆಯುವಂತಿಲ್ಲ. ನೆನೆಸಿದರೆ ನೀರು ಚಾಕೊಲೇಟಿನ ಮೈ ಕೆಡಿಸುತ್ತದೆ. ನೆನೆಸದಿದ್ದರೆ ಕೊಬ್ಬು ಮರದ ನಾರಿನೊಳಗೆ ಇಳಿದು, ಮುಂದೆ ಸಕ್ಕರೆಗೂ ಆ ಅಚ್ಚು ಉಪಯೋಗಕ್ಕೆ ಬಾರದು. ದಾರಿ ಇರುವುದು ಸಕ್ಕರೆ ಗೊಂಬೆಯ ಮೂಲಕ. ಅಚ್ಚಿನ ಎರಡು ಹೋಳನ್ನು ಕಟ್ಟದೆ, ಒಂದು ಹೋಳನ್ನಷ್ಟೇ ಅಂಗಾತ ಇಟ್ಟು ಪಾಕ ಎರೆದರೆ ಒಂದು ಮಗ್ಗುಲು ಉಬ್ಬಿದ, ಇನ್ನೊಂದು ಮಗ್ಗುಲು ಚಪ್ಪಟೆಯಾದ ಅರ್ಧ ಗಿಳಿ ಸಿಗುತ್ತದೆ. ಲಾಲಿಪಾಪಿಗೆ ಬೇಕಾದ ಆಕಾರವೂ ಅದೇ. ಅದನ್ನು ಚೆನ್ನಾಗಿ ಒಣಗಿಸಿ, ಚಪ್ಪಟೆ ಮಗ್ಗುಲು ಕೆಳಗಾಗಿ ಸಣ್ಣ ಡಬ್ಬಿಯ ತಳಕ್ಕೆ ಅಂಟಿಸಿ, ಪಕ್ಕಕ್ಕೆ ಒಂದು ಕಾಗದದ ಕಡ್ಡಿ ಮಲಗಿಸಿ, ಆಹಾರಕ್ಕೆ ಯೋಗ್ಯವೆಂದು ನಮೂದಿಸಿರುವ, ಎರಡು ಭಾಗ ಬೆರೆಸುವ ಸಿಲಿಕೋನನ್ನು ಮೇಲಿನಿಂದ ಸುರಿದರೆ, ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತಿಗೆ ಮೆತ್ತನೆಯ ಅಚ್ಚಾಗುತ್ತದೆ. ಒಳಗೆ ಉಳಿದ ಸಕ್ಕರೆ ಬಿಸಿನೀರಿಗೆ ಕರಗಿಹೋಗುತ್ತದೆ. ಅಚ್ಚು ಒಣಗಿದ ಮೇಲೆ ಚಾಕೊಲೇಟು ಎರೆಯಬಹುದು.

ಹೀಗೆ ಮಾಡಿದ ಗಿಳಿಯಲ್ಲಿ ರೆಕ್ಕೆಯ ಗೆರೆ ಗೆರೆಯೂ ಮೂಡಿತ್ತು. ಮೀನು, ಕಮಲ, ಬೃಂದಾವನಗಳೂ ಚೆನ್ನಾಗಿ ಬರುತ್ತವೆ. ಆನೆಗೆ ಮಾತ್ರ ಅತ್ತೆಯ ಸಲಹೆ ಕೇಳಬೇಕು. ಸೊಂಡಿಲು ಮೈಯಿಂದ ಬಿಟ್ಟು ತೂಗುವ ಆನೆ ಅಚ್ಚಿನಿಂದ ಬಿಡಿಸುವಾಗ ಮುರಿಯುತ್ತದೆ, ಸಕ್ಕರೆಯಲ್ಲೂ ಹಾಗೇ. ಸೊಂಡಿಲನ್ನು ಎದೆಗೆ ಒತ್ತಿಕೊಂಡು ನಿಂತ ಆನೆಯ ಅಚ್ಚನ್ನೇ ಆರಿಸಿಕೊಳ್ಳಿ, ಕಡ್ಡಿಯನ್ನು ಮುಂಗಾಲು ಹಿಂಗಾಲುಗಳ ನಡುವಿನಿಂದ ಹೊಟ್ಟೆಯವರೆಗೂ ಇಳಿಸಿ.